ಇತಿಹಾಸದಲ್ಲಿ ಬಿಎ, ಎಂಎ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ ಓದುತ್ತಿರುವವರಿಗೆ, ಓದಬೇಕೆಂದಿರುವವರಿಗೆ, ಜೊತೆಗೆ "ಬಿಎ ಮಾಡಿ ಆಮೇಲೇನು?" ಎಂದು ಕೇಳುವ ಮನೆಯವರಿಗೆ ಈ ಪುಟ. ನೇಮಕಾತಿ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ. ಗೆಳೆಯರ ವಾಟ್ಸ್ಆ್ಯಪ್ ಸಂದೇಶವನ್ನು ಅಧಿಸೂಚನೆ ಎಂದುಕೊಳ್ಳಬೇಡಿ.

ಪಿಯುಸಿಯಲ್ಲಿ ವಿಜ್ಞಾನ ಅಥವಾ ವಾಣಿಜ್ಯ ಓದಿದವರು ಬಿಎ ಇತಿಹಾಸಕ್ಕೆ ಸೇರಬಹುದೆ?

ಸೇರಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಕಲಾ ವಿಭಾಗದವರಿಗಿಂತ ಸ್ವಲ್ಪ ಹಿಂದೆ ಉಳಿದಂತೆ ಅನ್ನಿಸುತ್ತದೆ, ಎರಡನೆಯದರ ಹೊತ್ತಿಗೆ ಸರಿಹೋಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ದಾಖಲಾತಿ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತದೆ. ಆಧಾರ್‌ನಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಮುಂದೆ ವಿದ್ಯಾರ್ಥಿವೇತನದ ಹಂತದಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ. ಸೇರುವ ಮೊದಲೇ ಸರಿಪಡಿಸಿಕೊಳ್ಳಿ.

ಯಾವ ಕಾಂಬಿನೇಶನ್ ತೆಗೆದುಕೊಳ್ಳಬೇಕು?

ಮುಂದೇನು ಮಾಡಬೇಕೆಂದಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಕಡೆ ನೋಡುವವರಿಗೆ ಇತಿಹಾಸ–ಅರ್ಥಶಾಸ್ತ್ರ–ರಾಜ್ಯಶಾಸ್ತ್ರ, ಅಂದರೆ ಎಚ್‌ಇಪಿ, ಹೊಂದುತ್ತದೆ. ಸಾಮಾನ್ಯ ಅಧ್ಯಯನದ ಅರ್ಧದಷ್ಟು ತಳಪಾಯ ಅಲ್ಲೇ ಬೀಳುತ್ತದೆ. ಶಾಸನ, ದೇವಾಲಯ, ಪ್ರಾಚೀನ ಕರ್ನಾಟಕದ ಕಡೆ ಒಲವಿದ್ದರೆ ಐಚ್ಛಿಕ ಕನ್ನಡ ಇರುವ ಕಾಂಬಿನೇಶನ್ ಹಿಡಿಯಿರಿ. ಹಳಗನ್ನಡ ಓದಲು ಬಾರದವರಿಗೆ ಶಾಸನ ಬರೀ ಕಲ್ಲು. ಪುರಾತತ್ವಕ್ಕೆ ಭೂಗೋಳ ಜೊತೆಗಿದ್ದರೆ ನಕಾಶೆ, ಮಣ್ಣು, ನದಿಪಾತ್ರಗಳ ಮಾತು ಕಿವಿಗೆ ಹೊಸದಾಗುವುದಿಲ್ಲ.

ಎಡವಟ್ಟಾಗುವುದು ಶಿಕ್ಷಕರ ನೇಮಕಾತಿಯಲ್ಲಿ. ಸಮಾಜ ವಿಜ್ಞಾನ ಶಿಕ್ಷಕರ ಹುದ್ದೆಗೆ ಪದವಿಯಲ್ಲಿ ಯಾವ ಯಾವ ವಿಷಯಗಳನ್ನು ಐಚ್ಛಿಕವಾಗಿ ಓದಿರಬೇಕು ಎಂದು ವೃಂದ ಮತ್ತು ನೇಮಕಾತಿ ನಿಯಮ ಹೇಳುತ್ತದೆ. ಬಿಎ, ಬಿ.ಇಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎಲ್ಲ ಮುಗಿದ ಮೇಲೆ ದಾಖಲೆ ಪರಿಶೀಲನೆಯ ದಿನ ಕಾಂಬಿನೇಶನ್ ಹೊಂದುವುದಿಲ್ಲ ಎಂದು ತಿಳಿದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಶಿಕ್ಷಕರಾಗುವ ಯೋಚನೆ ಇದ್ದರೆ ಹಿಂದಿನ ನೇಮಕಾತಿಯ ಅಧಿಸೂಚನೆ ತೆಗೆದು ಅರ್ಹತೆಯ ಕಲಂ ಅನ್ನು ಬಿಎ ಸೇರುವ ದಿನವೇ ಓದಿಕೊಳ್ಳಿ.

ಪದವಿ ಈಗ ಮೂರು ವರ್ಷವೋ ನಾಲ್ಕೋ?

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಮಾದರಿ ಬಂದಿತ್ತು. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ ಮರಳಿವೆ. ಅದರ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್‌ನ ಎಂಎ.

ಇತಿಹಾಸ ಅಂದರೆ ಇಸವಿಗಳನ್ನು ಬಾಯಿಪಾಠ ಮಾಡುವುದಷ್ಟೇ ತಾನೆ?

ಎಸ್ಸೆಸ್ಸೆಲ್ಸಿ ಮಟ್ಟದಲ್ಲಿ ಹಾಗೆ ಕಾಣುತ್ತದೆ. ವಿಶ್ವವಿದ್ಯಾಲಯದಲ್ಲಿ ಕೇಳುವ ಪ್ರಶ್ನೆ ಬೇರೆ: ಆ ಇಸವಿ ನಮಗೆ ಗೊತ್ತಾದದ್ದು ಹೇಗೆ?

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಕ್ರಿ.ಶ. 1117 ಎನ್ನುತ್ತೇವೆ. ಅಲ್ಲಿನ ಶಾಸನದಲ್ಲಿ ಇರುವುದು ಶಕವರ್ಷ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಶಕವರ್ಷಕ್ಕೆ 78 ಕೂಡಿಸಿದರೆ 1117. ಅಷ್ಟಕ್ಕೇ ನಿಲ್ಲಬಾರದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 2017-18 ಹೇಮಲಂಬಿ ಆಗಿತ್ತು, ಅಲ್ಲಿಂದ 900 ವರ್ಷ, ಅಂದರೆ ಸರಿಯಾಗಿ 15 ಸುತ್ತು ಹಿಂದಕ್ಕೆ ಹೋದರೆ 1117ಕ್ಕೇ ಬಂದು ನಿಲ್ಲುತ್ತೇವೆ. ಎರಡು ಲೆಕ್ಕವೂ ತಾಳೆಯಾದವು. ತಾಳೆಯಾಗದಿದ್ದಾಗ ನಿಜವಾದ ಕೆಲಸ ಶುರು: ಬರೆದವನು ನಡೆಯುತ್ತಿರುವ ಶಕವರ್ಷವನ್ನು ಹೇಳಿದನೋ ಕಳೆದದ್ದನ್ನೋ, ಕೆತ್ತಿದವನು ತಪ್ಪಿದನೋ, ಓದಿದವರು ಅಂಕಿಯನ್ನು ತಪ್ಪಾಗಿ ಓದಿದರೋ, ಅಥವಾ ಶಾಸನವೇ ಮುಂದೆ ಯಾರೋ ಮಾಡಿಸಿದ ನಕಲಿಯೋ. ಪುಷ್ಯ, ಮಾಘ, ಫಾಲ್ಗುಣದ ತಿಥಿಯಾದರೆ ಅದು ಇಂಗ್ಲಿಷ್ ಕ್ಯಾಲೆಂಡರಿನ ಮುಂದಿನ ವರ್ಷಕ್ಕೆ ಜಾರಿರಬಹುದು, ಆಗ ಕೂಡಿಸಬೇಕಾದ್ದು 79.

ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಂಥ ಕಡೆಯೇ. ವಿಜಯನಗರದ ಪತನದ ಪ್ರಶ್ನೆಗೆ ಹೆಚ್ಚಿನವರು 1565ರ ಯುದ್ಧವನ್ನು ಮೂರು ಪುಟ ಬರೆದು ಮುಗಿಸುತ್ತಾರೆ. ಆದರೆ ರಾಜಧಾನಿ ಹಾಳಾದ ಮೇಲೂ ಅರವೀಡು ಮನೆತನ ಪೆನುಕೊಂಡೆ, ಚಂದ್ರಗಿರಿಗಳಿಂದ ದಶಕಗಳ ಕಾಲ ಆಳಿತು. ಹಾಗಾದರೆ ಪತನ ಎಂದರೆ ಯಾವುದು? ರಾಜಧಾನಿಯದೋ, ನಾಯಕರ ಮೇಲಿನ ಹಿಡಿತದ್ದೋ, ಕಂದಾಯ ಬರುತ್ತಿದ್ದ ದಾರಿಗಳದೋ? ಈ ಪ್ರಶ್ನೆಯನ್ನು ಒಂದು ಪ್ಯಾರಾದಲ್ಲಾದರೂ ಎತ್ತಿದ ಉತ್ತರ ಬೇರೆಯಾಗಿಯೇ ಕಾಣುತ್ತದೆ. ಗೈಡ್ ಓದಿ ಬರೆದ ಐವತ್ತು ಉತ್ತರಗಳು ಒಂದೇ ಥರ ಇರುತ್ತವೆ ಎಂಬುದು ಮೌಲ್ಯಮಾಪಕರಿಗೆ ಚೆನ್ನಾಗಿ ಗೊತ್ತು.

ಎಂಎ ಎಲ್ಲಿ ಮಾಡಬೇಕು?

ಮೊದಲು ಯಾವ ಎಂಎ ಎಂದು ತೀರ್ಮಾನಿಸಿ. ಸಾಮಾನ್ಯ ಇತಿಹಾಸ ಎಂಎ ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿದೆ. ಪ್ರಾಚೀನ ಇತಿಹಾಸ, ಶಾಸನ, ಪುರಾತತ್ವವೇ ಬೇಕಾದವರಿಗೆ ಪ್ರತ್ಯೇಕ ವಿಭಾಗಗಳಿವೆ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಗೆಂದೇ ಹುಟ್ಟಿದ್ದು, ಸ್ಮಾರಕಗಳ ಮಗ್ಗುಲಲ್ಲೇ ಇದೆ. ರಾಜ್ಯದ ಹೊರಗೆ ಪುಣೆಯ ಡೆಕ್ಕನ್ ಕಾಲೇಜು ಪುರಾತತ್ವಕ್ಕೆ ಹೆಸರಾಗಿದೆ. ಹೈದರಾಬಾದ್, ಜೆಎನ್‌ಯು, ದೆಹಲಿಯಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಒಂದು ಎಚ್ಚರಿಕೆ. ವಿಶೇಷ ಎಂಎ ಮಾಡಿದವರು ಪಿಯು ಅಥವಾ ಪದವಿ ಕಾಲೇಜಿನ "ಇತಿಹಾಸ" ಹುದ್ದೆಗೆ ಅರ್ಜಿ ಹಾಕುವಾಗ ತಮ್ಮ ಪದವಿ ತತ್ಸಮಾನವೇ ಎಂಬ ಪ್ರಶ್ನೆ ಏಳುತ್ತದೆ. ವಿಭಾಗಕ್ಕೆ ಸೇರುವ ಮುಂಚೆ ಅಲ್ಲಿನ ಹಳೆಯ ವಿದ್ಯಾರ್ಥಿಗಳು ಯಾವ ಹುದ್ದೆಗಳಿಗೆ ಆಯ್ಕೆಯಾಗಿದ್ದಾರೆ ಎಂದು ಕೇಳಿ. ಪ್ರಾಸ್ಪೆಕ್ಟಸ್‌ನಲ್ಲಿ ಇದು ಸಿಗುವುದಿಲ್ಲ.

ದೂರಶಿಕ್ಷಣದ ಎಂಎಗೆ ಬೆಲೆ ಇದೆಯೆ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರುವ ಸಂಸ್ಥೆಯದಾದರೆ ಕಾನೂನಿನ ಪ್ರಕಾರ ರೆಗ್ಯುಲರ್ ಪದವಿಗೆ ಸಮ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೊ ಎರಡರಲ್ಲೂ ಎಂಎ ಇತಿಹಾಸ ಇದೆ. ಇಗ್ನೊಗೆ ಯಾವ ಪದವಿ ಇದ್ದರೂ ನಡೆಯುತ್ತದೆ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಿ, ಆ ಪುಟದ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಪೂರ್ತಿ ಕನ್ನಡದಲ್ಲೇ ಓದಿ ಮುಗಿಸಬಹುದೆ?

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ಹಾಗೇ ಬರೆಯುತ್ತಾರೆ. ಓದು ಮಾತ್ರ ಕನ್ನಡದಲ್ಲಿ ಮುಗಿಯುವುದಿಲ್ಲ. ಎಂಎ ಮೊದಲ ವರ್ಷದಿಂದ ದಿನಕ್ಕೆ ಎರಡು ಪುಟದಂತೆ ಇಂಗ್ಲಿಷ್ ಲೇಖನ ಓದಿ ಪ್ರತಿ ಪ್ಯಾರಾದ ಸಾರವನ್ನು ಒಂದು ಸಾಲಿನ ಕನ್ನಡದಲ್ಲಿ ಬರೆದುಕೊಳ್ಳಿ. ಕಾಲೇಜು ಬೋಧನೆ, ಸಂಶೋಧನೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನ ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುತ್ತದೆ. ವಿಷಯ ಚೆನ್ನಾಗಿ ಬಲ್ಲ ಕನ್ನಡ ಮಾಧ್ಯಮದವರು ಅಲ್ಲಿ ಸೋಲುವುದು ಪ್ರಶ್ನೆಯ ವಾಕ್ಯ ಬಿಡಿಸಿಕೊಳ್ಳುವುದರಲ್ಲಿ. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನಲ್ಲಿ ಇತಿಹಾಸಕ್ಕೆ ಕನ್ನಡದ ಪ್ರಶ್ನೆಗಳೂ ಇರುವುದರಿಂದ ಈ ತೊಡಕು ಕಡಿಮೆ.

ಎಂಎಯಲ್ಲಿ ಶೇ 55 ಅಂತ ಎಲ್ಲರೂ ಹೇಳುತ್ತಾರಲ್ಲ, ಅದೇನು?

ಈ ಪುಟದಲ್ಲಿ ಒಂದೇ ಒಂದು ಸಂಖ್ಯೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ನೆಟ್, ಕೆ-ಸೆಟ್, ಪಿಎಚ್‌ಡಿ, ಸಹಾಯಕ ಪ್ರಾಧ್ಯಾಪಕ, ಪಿಯು ಉಪನ್ಯಾಸಕ, ಎಲ್ಲ ಬಾಗಿಲಿಗೂ ಇದೇ ಬೀಗ. ಸಾಮಾನ್ಯ ವರ್ಗಕ್ಕೆ ಶೇ 55. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ನೆಟ್‌ನಲ್ಲಿ ಶೇ 50. ದಶಾಂಶವನ್ನು ಮೇಲಕ್ಕೆ ಏರಿಸಿಕೊಳ್ಳುವಂತಿಲ್ಲ, 54.9 ಎಂದರೆ 54.9 ಅಷ್ಟೇ. ಮೊದಲ ಸೆಮಿಸ್ಟರ್‌ನಲ್ಲಿ 48 ಬಂದರೆ ಉಳಿದ ಮೂರರಲ್ಲಿ ಸರಾಸರಿ 57ರ ಮೇಲೆ ತೆಗೆಯಬೇಕಾಗುತ್ತದೆ. ಆದ್ದರಿಂದ ಆಂತರಿಕ ಅಂಕಗಳನ್ನು, ಸೆಮಿನಾರ್, ಅಸೈನ್‌ಮೆಂಟ್‌ಗಳನ್ನು, ಹಗುರವಾಗಿ ಬಿಡಬೇಡಿ.

ನೆಟ್ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ನಡೆಸುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ಇತಿಹಾಸ, 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ, ನಡುವೆ ಬಿಡುವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇತಿಹಾಸದವರು ಎರಡನೆಯ ಪತ್ರಿಕೆಗೆ ವರ್ಷಗಟ್ಟಲೆ ಓದಿ ಮೊದಲನೆಯದಕ್ಕೆ ಒಂದು ವಾರ ಕೊಡುತ್ತಾರೆ. ಕಟ್-ಆಫ್ ಲೆಕ್ಕ ಹಾಕುವುದು ಎರಡೂ ಸೇರಿದ 300ಕ್ಕೆ. ಮೊದಲ ಪತ್ರಿಕೆಯಲ್ಲಿರುವ ತರ್ಕ, ದತ್ತಾಂಶ, ಬೋಧನಾ ಸಾಮರ್ಥ್ಯದ ಪ್ರಶ್ನೆಗಳು ಅಭ್ಯಾಸದಿಂದ ಖಚಿತವಾಗಿ ಬರುವ ಅಂಕಗಳು.

ಜೆಆರ್‌ಎಫ್, ಅಂದರೆ ನೆಟ್‌ನಲ್ಲಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್, ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಇರುವ ದರ. ಸಾಮಾನ್ಯ ವರ್ಗಕ್ಕೆ 30 ವರ್ಷದ ವಯೋಮಿತಿ ಇದೆ, ಮಹಿಳೆಯರಿಗೂ ಮೀಸಲು ವರ್ಗಗಳಿಗೂ 5 ವರ್ಷದ ಸಡಿಲಿಕೆ. ಬರೀ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕ ಬಳಕೆಯಾಗುತ್ತಿದೆ.

ಇಲ್ಲಿ ಕೈಕೊಡುವ ಇನ್ನೊಂದು ಸಂಗತಿ ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಎ, 3ಬಿ ಪಟ್ಟಿಗಳೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ, ನಮೂನೆಯೂ ಬೇರೆ. ನೆಟ್‌ಗೆ ಕೇಂದ್ರದ ನಮೂನೆ, ಕೆ-ಸೆಟ್‌ಗೆ ರಾಜ್ಯದ್ದು. ತಹಶೀಲ್ದಾರ್ ಕಚೇರಿಯಲ್ಲಿ ಎರಡನ್ನೂ ಒಂದೇ ಸಲ ಮಾಡಿಸಿಟ್ಟುಕೊಂಡರೆ ನೆಮ್ಮದಿ. ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಅದರ ಅರ್ಹತೆ ನಡೆಯುವುದು ರಾಜ್ಯದೊಳಗಿನ ವಿಶ್ವವಿದ್ಯಾಲಯ, ಕಾಲೇಜುಗಳಿಗೆ.

ಮೇಷ್ಟ್ರಾಗಬೇಕು. ಮೊದಲು ಬಿ.ಇಡ್ ಮಾಡಬೇಕೋ ಎಂಎ ಮಾಡಬೇಕೋ?

ಮನೆಯಲ್ಲಿ ಬೇಗ ದುಡಿಯಬೇಕಾದ ಒತ್ತಡ ಇದ್ದರೆ ಮೊದಲು ಬಿ.ಇಡ್. ಎರಡು ವರ್ಷದ ಕೋರ್ಸ್ ಮುಗಿಸಿ ಟಿಇಟಿ ಎರಡನೇ ಪತ್ರಿಕೆ ಪಾಸಾದರೆ 6ರಿಂದ 8ನೇ ತರಗತಿಯ ಶಿಕ್ಷಕ ಹುದ್ದೆಗೆ ಸ್ಪರ್ಧಿಸಬಹುದು; ಖಾಸಗಿ ಪ್ರೌಢಶಾಲೆಗಳೂ ತೆಗೆದುಕೊಳ್ಳುತ್ತವೆ. ಟಿಇಟಿ 150 ಅಂಕದ್ದು, ಅದರಲ್ಲಿ ಸಮಾಜ ವಿಜ್ಞಾನಕ್ಕೆ 60. ಉಳಿದ 90 ಅಂಕ ಎರಡು ಭಾಷೆಗಳಿಗೂ ಮಕ್ಕಳ ಮನೋವಿಜ್ಞಾನಕ್ಕೂ ಸೇರಿದ್ದು. ಇತಿಹಾಸ ಬಲ್ಲವರು ಟಿಇಟಿಯಲ್ಲಿ ಬೀಳುವುದು ಇತಿಹಾಸದಿಂದಲ್ಲ.

ಪಿಯು ಉಪನ್ಯಾಸಕ ಹುದ್ದೆಗೆ ಎಂಎಯೂ ಬೇಕು, ಬಿ.ಇಡ್ಡೂ ಬೇಕು. ಪದವಿ ಕಾಲೇಜಿಗೆ ಬಿ.ಇಡ್ ಬೇಡ, ಅಲ್ಲಿ ನೆಟ್, ಕೆ-ಸೆಟ್ ಅಥವಾ ಪಿಎಚ್‌ಡಿ ಕೇಳುತ್ತಾರೆ. ಯುಜಿಸಿ ವೇತನಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ಆದರೆ ಕಾಯಂ ನೇಮಕಾತಿಗಳ ನಡುವೆ ವರ್ಷಗಳ ಅಂತರ ಬೀಳುತ್ತದೆ, ಆ ಅವಧಿಯನ್ನು ಬಹಳಷ್ಟು ಮಂದಿ ಅತಿಥಿ ಉಪನ್ಯಾಸಕರಾಗಿ ಕಳೆಯುತ್ತಾರೆ. ಇದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ. ಪಿಯುಸಿ ಹಂತದಲ್ಲೇ ಮೇಷ್ಟ್ರಾಗುವುದೆಂದು ಗಟ್ಟಿ ಮಾಡಿಕೊಂಡವರು ನಾಲ್ಕು ವರ್ಷದ ಸಂಯೋಜಿತ ಬಿಎ ಬಿ.ಇಡ್ ನೋಡಬಹುದು, ಒಂದು ವರ್ಷ ಉಳಿಯುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಈ ಬಗೆಯ ಕೋರ್ಸ್ ಇದೆ.

ಯುಪಿಎಸ್‌ಸಿ, ಕೆಎಎಸ್‌ಗೆ ಇತಿಹಾಸ ಓದಿದ್ದು ಎಷ್ಟು ಉಪಯೋಗ?

ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ 250ರಂತೆ ಎರಡು ಪತ್ರಿಕೆ, 500 ಅಂಕ. ಇತಿಹಾಸದ ಮೊದಲ ಪತ್ರಿಕೆಯ ಮೊದಲ ಪ್ರಶ್ನೆ ನಕಾಶೆಯದು, ಬಿಡುವಂತಿಲ್ಲ: 20 ಸ್ಥಳ, ತಲಾ ಎರಡೂವರೆ ಅಂಕ, ಒಟ್ಟು 50. ಸ್ಥಳ ಗುರುತಿಸಿ ಅದರ ಮಹತ್ವವನ್ನು ಎರಡು-ಮೂರು ಸಾಲಿನಲ್ಲಿ ಬರೆಯಬೇಕು. ಮಸ್ಕಿ, ಬ್ರಹ್ಮಗಿರಿ, ಸನ್ನತಿ, ಪಿಕ್ಲಿಹಾಳ, ಹಳ್ಳೂರು, ಸಂಗನಕಲ್ಲು ನಮ್ಮ ನೆಲದಲ್ಲೇ ಇರುವುದರಿಂದ ಇಲ್ಲಿಯವರಿಗೆ ಇದೊಂದು ಅನುಕೂಲ. ಕೊರತೆ ಕಾಣುವುದು ಎರಡನೇ ಪತ್ರಿಕೆಯ ವಿಶ್ವ ಇತಿಹಾಸದಲ್ಲಿ. ಬಿಎ ಪಠ್ಯ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ.

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಪೂರ್ವಭಾವಿ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಆರಿಸಿಕೊಂಡವರು ವಿಶ್ವ ಇತಿಹಾಸದ ಪಾರಿಭಾಷಿಕ ಪದಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಂಡು ಎಲ್ಲ ಉತ್ತರಗಳಲ್ಲೂ ಅದೇ ಪದ ಬಳಸಿ. ಒಂದು ಕಡೆ "ಊಳಿಗಮಾನ್ಯ", ಇನ್ನೊಂದು ಕಡೆ "ಪಾಳೆಯಗಾರಿ" ಎಂದರೆ ಓದುವವರು ಎರಡು ಬೇರೆ ವ್ಯವಸ್ಥೆಗಳೆಂದುಕೊಳ್ಳುತ್ತಾರೆ.

ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವನ್ನು ಈಗ ತೆಗೆದಿದ್ದಾರೆ. ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಷ್ಟೇ ಅಂಕಕ್ಕೆ ಬರುತ್ತವೆ. ಇತಿಹಾಸ ಅಲ್ಲಿ ಒಂದು ಭಾಗ ಮಾತ್ರ, ಕರ್ನಾಟಕ ಏಕೀಕರಣದಂಥ ವಿಷಯಗಳಲ್ಲಿ ಕೈಹಿಡಿಯುತ್ತದೆ. ಎಫ್‌ಡಿಎ, ಪಿಎಸ್‌ಐ, ಪಿಡಿಒ ಪರೀಕ್ಷೆಗಳಿಗೂ ಇದೇ ಮಾತು. ಪರೀಕ್ಷೆಯೊಂದನ್ನೇ ನಂಬಿ ಐದಾರು ವರ್ಷ ಕೋಚಿಂಗ್ ಸೆಂಟರ್ ಸುತ್ತುವವರು ಎಂಎ ಅಥವಾ ಬಿ.ಇಡ್ ಅನ್ನಾದರೂ ಜೊತೆಗೆ ಮುಗಿಸಿಟ್ಟುಕೊಳ್ಳಲಿ.

ಶಾಸನ ಓದುವುದನ್ನು ಕಲಿಯುವುದು ಹೇಗೆ? ಅದರಿಂದ ಕೆಲಸ ಸಿಗುತ್ತದೆಯೆ?

ಕರ್ನಾಟಕದಲ್ಲಿ ಇತಿಹಾಸ ಓದುವವರಿಗೆ ಇರುವ ದೊಡ್ಡ ಅವಕಾಶ ಇದು, ಕೈ ಹಾಕುವವರು ಮಾತ್ರ ಕಡಿಮೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಮಾಲೆ ಪರಿಷ್ಕೃತ ರೂಪದಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಂದಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನಶಾಸ್ತ್ರ ಶಾಖೆಯ ಮುಖ್ಯ ಕಚೇರಿ ಇರುವುದೂ ಮೈಸೂರಿನಲ್ಲೇ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಶಾಸನ ಶಾಖೆಯ ಹುದ್ದೆಗಳು ಇತಿಹಾಸದ ಪದವಿಗಿಂತ ಕನ್ನಡ, ಸಂಸ್ಕೃತ, ತಮಿಳಿನಂಥ ಭಾಷೆಯ ಅರ್ಹತೆಯನ್ನು ಮುಖ್ಯವಾಗಿ ನೋಡುತ್ತವೆ, ಆದ್ದರಿಂದ ಎರಡೂ ಕೈಯಲ್ಲಿರಬೇಕು.

ಕಲಿಕೆಯನ್ನು ಹೊಯ್ಸಳ ಕಾಲದ ಅಕ್ಷರಗಳಿಂದ ಆರಂಭಿಸಿ. ಅವು ದುಂಡಾಗಿ, ಇಂದಿನ ಕನ್ನಡಕ್ಕೆ ಹತ್ತಿರವಾಗಿವೆ. ಕಲ್ಯಾಣ ಚಾಲುಕ್ಯ, ರಾಷ್ಟ್ರಕೂಟ, ಬಾದಾಮಿ ಚಾಲುಕ್ಯ ಎಂದು ಹಿಂದಕ್ಕೆ ಹೋಗಿ, ಹಲ್ಮಿಡಿ ಕೊನೆಗಿರಲಿ. ಱ, ೞ ಅಕ್ಷರಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ಹಳೆಯ ಶಾಸನಗಳು ಸಾಮಾನ್ಯವಾಗಿ ಎ-ಏ, ಒ-ಓ ಭೇದ ತೋರಿಸುವುದಿಲ್ಲ, ಸಂದರ್ಭ ನೋಡಿ ಓದಬೇಕು. ಮತ್ತರು, ಕಮ್ಮ, ಗದ್ಯಾಣ, ಹಾಗ ಇವೆಲ್ಲ ಅಳತೆ-ನಾಣ್ಯಗಳ ಹೆಸರು. ಇವು ಗೊತ್ತಿಲ್ಲದಿದ್ದರೆ ದಾನಶಾಸನದ ಮುಖ್ಯ ಭಾಗವೇ ತಲೆಗೆ ಹತ್ತುವುದಿಲ್ಲ.

ಪಡಿಯಚ್ಚು, ಅಂದರೆ ಶಾಸನದ ಅಚ್ಚನ್ನು ಕಾಗದದ ಮೇಲೆ ತೆಗೆಯುವುದು, ಕೈಕೆಲಸ. ಕಲ್ಲಿನ ಮೇಲಿನ ಹಾವಸೆ, ಮಣ್ಣನ್ನು ನೀರು ಹಾಕಿ ನಾರಿನ ಬ್ರಷ್‌ನಿಂದ ತೊಳೆಯಬೇಕು. ತಂತಿ ಬ್ರಷ್, ಆಸಿಡ್ ಹತ್ತಿರಕ್ಕೂ ಬರಬಾರದು. ನೆನೆಸಿದ ಕಾಗದವನ್ನು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಒಳಗಿನ ಗಾಳಿ ಹೊರಹಾಕಬೇಕು. ಆಮೇಲೆ ಗಟ್ಟಿ ಕೂದಲಿನ ಬ್ರಷ್‌ನಿಂದ ನೇರವಾಗಿ ತಟ್ಟುತ್ತ ಹೋದರೆ ಕಾಗದ ಅಕ್ಷರದ ಕೊರೆತಕ್ಕೆ ಇಳಿಯುತ್ತದೆ. ಉಜ್ಜಿದರೆ ಹರಿಯುತ್ತದೆ. ಅರೆ ಒಣಗಿದಾಗ, ಕಾಡಿಗೆಮಸಿ ಮತ್ತು ಗೋಂದು ಕಲಸಿದ ಶಾಯಿಯನ್ನು ಬಟ್ಟೆ ಸುತ್ತಿದ ಉಂಡೆಗೆ ತಾಗಿಸಿ ಮೆತ್ತಗೆ ಒತ್ತುತ್ತ ಬಂದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಕಾಗದ ಹೆಚ್ಚು ಒದ್ದೆ ಇದ್ದರೆ ಮಸಿ ಕೊರೆತದೊಳಕ್ಕೂ ಹರಿದು ಅಕ್ಷರ ಮುಚ್ಚಿಹೋಗುತ್ತದೆ. ತೀರಾ ಒಣಗಿದರೆ ಕಲ್ಲಿನಿಂದ ಬಿಟ್ಟುಕೊಂಡು ಅಚ್ಚು ಅಲುಗುತ್ತದೆ. ಗಾಳಿ ಬೀಸುವ ಬಯಲಲ್ಲಿ ಬೆಳಗಿನ ಹೊತ್ತೇ ಕ್ಷೇಮ. ಸಂರಕ್ಷಿತ ಸ್ಮಾರಕದ ಶಾಸನವಾದರೆ ಇಲಾಖೆಯ ಅನುಮತಿ ಇಲ್ಲದೆ ಕೈ ಹಚ್ಚಬೇಡಿ.

ಅನುಮತಿ ಬೇಡದ ದಾರಿ ಫೋಟೊ. ಸೂರ್ಯ ತಲೆಯ ಮೇಲಿರುವಾಗ ತೆಗೆದ ಚಿತ್ರದಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬೆಳಕು ಕಲ್ಲನ್ನು ಓರೆಯಾಗಿ ಸವರುವಾಗ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಬಣ್ಣ ತುಂಬುವ ಚಾಳಿ ಊರೂರಲ್ಲಿದೆ. ತುಂಬಿದವರು ತಾವು ಓದಿದ ಹಾಗೆ ತುಂಬಿರುತ್ತಾರೆ, ಮುಂದಿನವರಿಗೆ ಆ ತಪ್ಪೇ ಶಾಸನವಾಗುತ್ತದೆ.

ಉತ್ಖನನದ ಕೆಲಸಕ್ಕೆ ಹೋಗಬೇಕು ಅಂದರೆ?

ಗ್ರೇಟರ್ ನೋಯ್ಡಾದಲ್ಲಿ ಪುರಾತತ್ವ ಸರ್ವೇಕ್ಷಣದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಸೀಟು ಬೆರಳೆಣಿಕೆಯಷ್ಟು, ಪೈಪೋಟಿ ದೇಶದಾದ್ಯಂತದ್ದು. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಲೈಸೆನ್ಸ್ ಇಲ್ಲದೆ ಸಂರಕ್ಷಿತ ಜಾಗದಲ್ಲಿ ಅಗೆಯುವುದು ಅಪರಾಧ, ಸಂಶೋಧನೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಪತ್ರಾಗಾರದಲ್ಲಿ ಕೆಲಸ ಮಾಡುವುದು ಹೇಗೆ?

ಹಳೆಯ ದಾಖಲೆ ಎಲ್ಲಿದೆ ಎಂದು ತಿಳಿಯುವುದೇ ಅರ್ಧ ಕೆಲಸ. 1956ಕ್ಕೆ ಮೊದಲು ನಮ್ಮ ಜಿಲ್ಲೆಗಳು ಬೇರೆ ಬೇರೆ ಆಡಳಿತದಲ್ಲಿದ್ದವು, ಕಡತಗಳೂ ಹಾಗೇ ಚದುರಿವೆ. ಹಳೆಯ ಮೈಸೂರಿನದು ಬಹುಮಟ್ಟಿಗೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಅದರ ಕೇಂದ್ರ ಕಚೇರಿ ವಿಧಾನಸೌಧದಲ್ಲಿದೆ. ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಮುಂಬೈ, ಪುಣೆ. ಕಲಬುರಗಿ, ಬೀದರ್, ರಾಯಚೂರಿಗೆ ಹೈದರಾಬಾದ್. ದಕ್ಷಿಣ ಕನ್ನಡ, ಬಳ್ಳಾರಿಗೆ ಚೆನ್ನೈ. ಉತ್ತರ ಕನ್ನಡದ ಸಂಗತಿ ಇನ್ನೂ ಸ್ವಾರಸ್ಯ: 1862ರಲ್ಲಿ ಅದು ಮದ್ರಾಸಿನಿಂದ ಬೊಂಬಾಯಿಗೆ ಸೇರಿತು, ಹಾಗಾಗಿ ಅದಕ್ಕೆ ಮುಂಚಿನದು ಚೆನ್ನೈಯಲ್ಲಿ, ಆಮೇಲಿನದು ಮುಂಬೈಯಲ್ಲಿ ಹುಡುಕಬೇಕು. ಊರು ಗೊತ್ತು ಮಾಡಿಕೊಳ್ಳದೆ ಬೆಂಗಳೂರಿಗೆ ಬಂದು "ಏನೂ ಸಿಗಲಿಲ್ಲ" ಎಂದು ಹಿಂದಿರುಗುವವರು ಇದ್ದೇ ಇದ್ದಾರೆ.

ಹೋಗುವಾಗ ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಬೇಕು. ಪೆನ್ನು ಬಿಡುವುದಿಲ್ಲ. ವಿಷಯ ಹೇಳಿ ಕಡತ ಕೇಳಬೇಡಿ, ಮೊದಲು ಸೂಚಿ ನೋಡಿ ಇಲಾಖೆ, ವರ್ಷ, ಕಡತದ ಸಂಖ್ಯೆ ಬರೆದುಕೊಟ್ಟು ಕೇಳಿ. ನೋಟ್ಸ್ ಬರೆಯುವ ಮೊದಲು ಪುಟದ ಮೇಲ್ತುದಿಯಲ್ಲಿ ಆ ಸಂಖ್ಯೆ ಬರೆಯಿರಿ. ಎರಡು ವರ್ಷದ ನಂತರ ಅಡಿಟಿಪ್ಪಣಿ ಹಾಕುವಾಗ ಅದೇ ಇಲ್ಲದಿದ್ದರೆ ಓದಿದ್ದೆಲ್ಲ ದಂಡ, ನೋಡಿದ ಕಡತಕ್ಕೇ ಮತ್ತೆ ಹೋಗಬೇಕು. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಲ್ಲೇ ಕುಳಿತು ಹುಡುಕಬಹುದು. ಅಲ್ಲಿಯ ಅಭಿಲೇಖ ಅಧ್ಯಯನ ಶಾಲೆ ದಾಖಲೆ ನಿರ್ವಹಣೆಯ ಒಂದು ವರ್ಷದ ಡಿಪ್ಲೊಮಾ ಕೊಡುತ್ತದೆ, ಪತ್ರಾಗಾರದ ಕೆಲಸಕ್ಕೆ ಅದು ನೇರ ದಾರಿ.

ಮುಂಬೈ ಕರ್ನಾಟಕದ ಮರಾಠಾ ಕಾಲದ ಕಾಗದಗಳು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಹೈದರಾಬಾದ್ ಭಾಗದವು ಫಾರಸಿ, ಉರ್ದುವಿನಲ್ಲಿ. ಈ ಎರಡರಲ್ಲಿ ಒಂದನ್ನು ಓದಬಲ್ಲ ಕನ್ನಡಿಗ ಸಂಶೋಧಕರು ತೀರಾ ವಿರಳ. ಎಂಎ ಮಾಡುವ ಎರಡು ವರ್ಷದಲ್ಲಿ ಮೋಡಿ ಕಲಿತವರಿಗೆ ಪಿಎಚ್‌ಡಿ ವಿಷಯ ಹುಡುಕುವ ತಾಪತ್ರಯವೇ ಇರುವುದಿಲ್ಲ.

ಖಾಸಗಿ ವಲಯದಲ್ಲಿ ಏನಿದೆ?

ವಸ್ತುಸಂಗ್ರಹಾಲಯ, ಸಂಸ್ಥೆಗಳ ದಾಖಲೆ ಸಂಗ್ರಹ, ಪ್ರಕಾಶನ, ಪತ್ರಿಕೆ, ಸಾಕ್ಷ್ಯಚಿತ್ರ, ಪಾರಂಪರಿಕ ನಡಿಗೆ, ಪ್ರವಾಸೋದ್ಯಮ. ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನದ ಇತಿಹಾಸಕ್ಕೆಂದೇ ಸಾರ್ವಜನಿಕ ಪತ್ರಾಗಾರ ಇದೆ. 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಮ್ಯಾಪ್ ಕಲಾ ಸಂಗ್ರಹಾಲಯ ತೆರೆಯಿತು. ಹಂಪಿ, ಪಟ್ಟದಕಲ್ಲುಗಳ ಸಾಲಿಗೆ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಚೆನ್ನಾಗಿ ವಿವರಿಸಬಲ್ಲ ಮಾರ್ಗದರ್ಶಿಗಳಿಗೆ ಬೇಡಿಕೆ ಇದೆ. ಪರವಾನಗಿ ಕಡ್ಡಾಯ. ಈ ಕೆಲಸಗಳಲ್ಲಿ ಶುರುವಿನ ಸಂಬಳ ಹೆಚ್ಚಿರುವುದಿಲ್ಲ, ಅಂಕಪಟ್ಟಿಯನ್ನೂ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕೇಳುವುದು ನೀವು ಮಾಡಿದ ಕೆಲಸದ ಮಾದರಿ: ಒಂದು ಊರಿನ ವೀರಗಲ್ಲುಗಳ ಸಚಿತ್ರ ಪಟ್ಟಿ, ಹತ್ತು ಹಿರಿಯರ ಧ್ವನಿಮುದ್ರಿತ ಸಂದರ್ಶನ ಮತ್ತು ಅದರ ಬರಹರೂಪ, ಹೀಗೆ.

ಕಾನೂನು ಓದುವುದೂ ಒಳ್ಳೆಯ ಜೋಡಿ. ಪದವಿಯಲ್ಲಿ ಶೇ 45 ಇದ್ದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದು. ಜಮೀನಿನ ವ್ಯಾಜ್ಯಗಳಲ್ಲಿ ಇನಾಂ, ಜೋಡಿ, ಖರಾಬು ಎಂಬ ಮಾತುಗಳ ಹಿನ್ನೆಲೆ ಗೊತ್ತಿರುವ ವಕೀಲರಿಗೆ ಹಳೆಯ ಕಂದಾಯ ದಾಖಲೆ ಬೆದರಿಕೆ ಹುಟ್ಟಿಸುವುದಿಲ್ಲ.

ವಿದೇಶದಲ್ಲಿ ಓದಬಹುದೆ?

ಓದಬಹುದು. ಅಂಕಕ್ಕಿಂತ ನಿಮ್ಮ ಬರವಣಿಗೆಯ ಮಾದರಿ ಮುಖ್ಯವಾಗುತ್ತದೆ. ಅಡಿಟಿಪ್ಪಣಿ ಸಹಿತ ಇಂಗ್ಲಿಷ್ ಪ್ರಬಂಧವೊಂದು ತಯಾರಿರಬೇಕು. ಫುಲ್‌ಬ್ರೈಟ್-ನೆಹರೂ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿವೆ. ಪರಿಶಿಷ್ಟ ಜಾತಿ ಮೊದಲಾದವರಿಗೆ ಇರುವ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೆಚ್ಚಿಕೊಂಡವರು ಒಂದು ವಿಷಯ ಗಮನಿಸಬೇಕು: 2022-23ರ ಮಾರ್ಗಸೂಚಿಯಲ್ಲಿ ಭಾರತದ ಇತಿಹಾಸ, ಸಂಸ್ಕೃತಿ, ಪರಂಪರೆ ಕುರಿತ ವಿಷಯಗಳನ್ನು ಅದರಿಂದ ಹೊರಗಿಟ್ಟರು. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿ ನೋಡದೆ ವಿಷಯ ಗಟ್ಟಿ ಮಾಡಿಕೊಳ್ಳಬೇಡಿ.

ಪಿಎಚ್‌ಡಿಗೆ ಎಷ್ಟು ಕಾಲ? ವಿಷಯ ಹೇಗೆ ಆರಿಸಬೇಕು?

ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. "ಇಂಥ ಜಿಲ್ಲೆಯ ಒಂದು ಸಾಂಸ್ಕೃತಿಕ ಅಧ್ಯಯನ" ಎಂಬ ಜಾತಿಯ ಶೀರ್ಷಿಕೆಗಳು ಗ್ರಂಥಾಲಯದ ಕಪಾಟು ತುಂಬಿವೆ. ಅಂಥದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಮೊದಲು ಆಕರ ಹುಡುಕಿ, ಆಮೇಲೆ ವಿಷಯ. ಒಂದು ತಾಲ್ಲೂಕಿನ ಕೆರೆಗಳ ದುರಸ್ತಿ ಕಡತಗಳು ಮೂವತ್ತು ವರ್ಷದಷ್ಟು ಸಾಲಾಗಿ ಸಿಕ್ಕಿದರೆ ನೀರಿನ ಹಂಚಿಕೆ, ಜಾತಿ, ಕಂದಾಯ ಮೂರನ್ನೂ ಅದರಿಂದಲೇ ಕೇಳಬಹುದು. ನೆಟ್ ಫೆಲೋಶಿಪ್ ಸಿಗದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಫೆಲೋಶಿಪ್ ಇದೆ. ಪರಿಷತ್ತಿನ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ಎಐ ಬಳಸಿ ಅಸೈನ್‌ಮೆಂಟ್ ಬರೆದರೆ ತಪ್ಪೆ?

ಇಂಗ್ಲಿಷ್ ಲೇಖನ ಅರ್ಥ ಮಾಡಿಕೊಳ್ಳಲು ಬಳಸಿ. ಶಾಸನದ ಸಂಖ್ಯೆ, ಸಂಪುಟ, ಪುಟ ಕೇಳಿದರೆ ಇಲ್ಲದ್ದನ್ನು ಇರುವಂತೆ ಹೇಳಿಬಿಡುತ್ತದೆ. ಅಂಥ ಅಡಿಟಿಪ್ಪಣಿಯನ್ನು ಸಂಪುಟ ತೆಗೆದು ನೋಡುವ ಅಧ್ಯಾಪಕರು ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ. ಪ್ರಬಂಧದಲ್ಲಿ ಹೋಲಿಕೆ ಶೇ 10 ದಾಟಿದರೆ ಯುಜಿಸಿಯ 2018ರ ನಿಯಮದಡಿ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ.

ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು?

ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಪ್ರತಿ ವರ್ಷ. ಮಂಜೂರಾದ ಹಣ ಬಾರದಿದ್ದರೆ ಮೊದಲು ನೋಡಬೇಕಾದ್ದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಬ್ಯಾಂಕಿನಲ್ಲಿ ಅದೇ ಹೆಸರು ಹೇಳಿ ಕೇಳಿ.

ಬೇರೆ ಉದ್ಯೋಗದಲ್ಲಿದ್ದೇನೆ, ನಲವತ್ತು ದಾಟಿದೆ. ಈಗ ಇತಿಹಾಸ ಓದಬಹುದೆ?

ಮುಕ್ತ ವಿಶ್ವವಿದ್ಯಾಲಯದ ಎಂಎ, ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನ ಡಿಪ್ಲೊಮಾ ಎರಡಕ್ಕೂ ವಯಸ್ಸು ಅಡ್ಡಿಯಲ್ಲ. ಬೆಂಗಳೂರಿನಲ್ಲಿದ್ದರೆ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಗ್ರಂಥಾಲಯ ನೃಪತುಂಗ ರಸ್ತೆಯಲ್ಲಿದೆ. ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವೂ ಅಲ್ಲಿ ನಡೆದಿದೆ. ಧಾರವಾಡದ ಕಡೆಯವರಿಗೆ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಇದೆ. ನಿಮ್ಮ ಊರಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಯಾವ ಸಂಪುಟದಲ್ಲಿವೆ ಎಂದು ನೋಡಿ, ಪಟ್ಟಿ ಹಿಡಿದು ಊರಿಗೆ ಹೋಗಿ ಎಷ್ಟು ಕಲ್ಲು ಇನ್ನೂ ಸ್ವಸ್ಥಾನದಲ್ಲಿವೆ ಎಂದು ಪರಿಶೀಲಿಸುವುದರಿಂದ ಆರಂಭಿಸಬಹುದು. ಕಾಣೆಯಾದವುಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ, ಪಟ್ಟಿಯ ಒಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ.